ಮೂರನೇ ಜಲಪಾತಕ್ಕೆ ಮೂವತ್ತೈದು ನಿಮಿಷ

ಆ ಬೋರ್ಡು ಬರೆದವನು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುದುಕ ಮುಚ್ಚಿಟ್ಟ ಅನ್ನಿಸಿಕೊಳ್ಳುವುದು ಬೇಡ. ಬೆಟ್ಟದ ಬುಡದಲ್ಲಿ, ಗಾಡಿ ನಿಲ್ಲಿಸುವ ಜಾಗದ ಪಕ್ಕದಲ್ಲಿ, ಕಂದು ಹಲಗೆಯ ಮೇಲೆ ಹಳದಿ ಅಕ್ಷರದಲ್ಲಿ ಬರೆದಿದೆ: ಮೊದಲನೇ ಜಲಪಾತ ಹತ್ತು ನಿಮಿಷ, ಎರಡನೇ ಜಲಪಾತ ಇಪ್ಪತ್ತು ನಿಮಿಷ, ಮೂರನೇ ಜಲಪಾತ ಮೂವತ್ತೈದು ನಿಮಿಷ. ಹಲಗೆ ಕೊಯ್ದವನು, ಉಪ್ಪುಕಾಗದ ಹಾಕಿ ಉಜ್ಜಿದವನು, ಎರಡು ಕೋಟು ಬಣ್ಣ ಬಳಿದವನು, ಗುಂಡಿ ತೋಡಿ ಕಂಬ ನೆಟ್ಟವನು ಎಲ್ಲಾ ನಾನೇ. ನಿಮಿಷ ಅಳೆದದ್ದೂ ನನ್ನ ಕಾಲೇ.

ಇಪ್ಪತ್ತೊಂಬತ್ತು ವರ್ಷ ಅರಣ್ಯ ಇಲಾಖೆಯ ಶೆಡ್ಡಿನಲ್ಲಿ ನನಗೆ ಇದೇ ಕೆಲಸ. ನಮ್ಮಲ್ಲಿ ದೂರ ಬರೆಯುವ ಪದ್ಧತಿ ಇರಲಿಲ್ಲ. ಬೆಟ್ಟದಲ್ಲಿ ಎರಡು ಕಿಲೋಮೀಟರ್ ಅಂದರೆ ಯಾರಿಗೆ ಏನು ಅರ್ಥವಾಗುತ್ತದೆ, ಮಣ್ಣು! ಏರು ಎಷ್ಟು, ಇಳಿಜಾರು ಎಷ್ಟು, ಕಲ್ಲು ಎಷ್ಟು? ಅದಕ್ಕೇ ನಿಮಿಷ. ಕುತ್ತಿಗೆಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ಒಂದು ದಾರಿಯನ್ನು ಮೂರು ಸಲ ನಡೆಯಬೇಕು, ಸರಾಸರಿ ತೆಗೆದು ಬರೆಯಬೇಕು. ನಿಯಮ ಒಂದೇ: ನೀನು ನಿಂತರೆ ವಾಚನ್ನೂ ನಿಲ್ಲಿಸು. ನೀರು ಕುಡಿಯಲು ನಿಂತೆಯೋ, ಗುಂಡಿ ಒತ್ತು. ದಾರಿಗೆ ಬಿದ್ದ ಕೊಂಬೆ ಎಳೆದು ಹಾಕಲು ನಿಂತೆಯೋ, ಗುಂಡಿ ಒತ್ತು. "ನಡೆದ ಹೊತ್ತು ಮಾತ್ರ ಬರೀಬೇಕು ಕಣಯ್ಯಾ, ನೀನು ಹೊಗೆ ಬಿಟ್ಕೊಂಡು ನಿಂತಿದ್ದ ಹೊತ್ತು ಕಟ್ಕೊಂಡು ಜನಕ್ಕೇನಾಗ್ಬೇಕು?" ಎಂದು ನನ್ನ ಮೊದಲನೇ ಸಾಹೇಬರು ಹೇಳಿದ್ದರು. ಅವರ ಮಾತು ನನಗೆ ನ್ಯಾಯವಾಗಿಯೇ ಕಂಡಿತ್ತು.

ಹೀಗಾಗಿ ಶೆಡ್ಡಿನವರು ನನಗೆ ನಿಮಿಷದಣ್ಣ ಎಂದು ಹೆಸರಿಟ್ಟರು. ತಮಾಷೆಗೆ ಇಟ್ಟದ್ದು, ನನಗೆ ಮಾತ್ರ ಒಳಗೊಳಗೇ ಹೆಮ್ಮೆ. ಬೋರ್ಡಿನಲ್ಲಿ ಎರಡು ನಿಮಿಷ ಹೆಚ್ಚುಕಡಿಮೆ ಇದೆ ಎಂದು ಯಾರಾದರೂ ಅಂದರೆ ಮೈಯೆಲ್ಲ ಉರಿಯುತ್ತಿತ್ತು. ಮಾರನೆಯ ಬೆಳಿಗ್ಗೆಯೇ ಹೋಗಿ ಮತ್ತೆ ನಡೆದು ನೋಡಿಕೊಂಡು ಬರುತ್ತಿದ್ದೆ. ರಜೆಯಾದರೂ ಸರಿ, ಜ್ವರವಾದರೂ ಸರಿ. "ನನ್ನ ಬದಲು ಒಂದು ಹಲಗೇನ ಮದುವೆ ಆಗಿದ್ರೆ ಸುಖವಾಗಿರ್ತಿದ್ರಿ ನೀವು," ಎಂದು ನನ್ನ ಹೆಂಡತಿ ಬೂಟಿನ ಕೆಸರು ನೋಡಿ ಗೊಣಗುತ್ತಿದ್ದಳು.

ಅವಳು ಹಾಸಿಗೆ ಅಂಗಡಿಯಲ್ಲಿದ್ದಳು. ಹತ್ತಿ ಬಿಡಿಸುವುದು, ತುಂಬುವುದು, ಗೇಣುದ್ದದ ಸೂಜಿಯಲ್ಲಿ ಹೊಲಿಯುವುದು. ಇಪ್ಪತ್ತಾರು ವರ್ಷ. ಅವಳು ಕೂರುತ್ತಿದ್ದ ಹಿಂದಿನ ಕೋಣೆಗೆ ಒಂದೇ ಕಿಟಕಿ, ಅದರಲ್ಲಿ ಬೆಟ್ಟದ ಒಂದು ತುಂಡು ಕಾಣುತ್ತಿತ್ತು. ಮಳೆ ಮುಗಿದ ಮೇಲೆ ಒಂದೂವರೆ ತಿಂಗಳು ಆ ತುಂಡಿನ ಮೇಲೆ ಸಣ್ಣ ಬಿಳಿ ಗೆರೆ ಮೂಡುತ್ತಿತ್ತು. ಅದು ಮೂರನೇ ಜಲಪಾತದ ನೆತ್ತಿ. ಸಂಜೆ ಬಂದವಳೇ ತಲೆಗೂದಲಿನ ಹತ್ತಿ ಕೊಡವಿಕೊಳ್ಳುತ್ತಾ, "ಇವತ್ತು ನಿಮ್ಮ ಫಾಲ್ಸ್ ಕಾಣಿಸ್ತು ರೀ," ಅನ್ನುತ್ತಿದ್ದಳು, ಏನೋ ನಾನೇ ಹೋಗಿ ನಲ್ಲಿ ತಿರುಗಿಸಿ ಬಂದ ಹಾಗೆ. "ಒಂದಿನ ಹತ್ರದಿಂದ ತೋರಿಸಿ."

"ತೋರಿಸೋಣ ಬಿಡು, ಅದೇನು ಓಡಿ ಹೋಗತ್ತಾ?" ಅನ್ನುತ್ತಿದ್ದೆ.

ಅವಳಿಗೆ ಭಾನುವಾರ ರಜೆ. ನನಗೆ ಭಾನುವಾರವೇ ಮೈತುಂಬ ಕೆಲಸ, ಊರಿಗೆ ಊರೇ ಬೆಟ್ಟಕ್ಕೆ ಬಂದು ಬೀಳುತ್ತಿತ್ತು. ನನಗೆ ಮಂಗಳವಾರ ರಜೆ, ಅವತ್ತು ಅವಳಿಗೆ ಅಂಗಡಿ. ಆಮೇಲೆ ಮಗಳು ಹುಟ್ಟಿದಳು, ಆಮೇಲೆ ನಮ್ಮತ್ತೆ ಹಾಸಿಗೆ ಹಿಡಿದರು, ಆಮೇಲೆ ಇನ್ನೇನೋ. ಮೂವತ್ತೈದು ನಿಮಿಷದ ದಾರಿಗೆ ಅವಳನ್ನು ಕರೆದುಕೊಂಡು ಹೋಗಲು ನನಗೆ ಮೂವತ್ತು ವರ್ಷ ಸಾಲಲಿಲ್ಲ. ಈಗ ಹೇಳಲು ನಾಚಿಕೆಯಾಗುತ್ತದೆ.

ಇಬ್ಬರೂ ಕೆಲಸ ಬಿಟ್ಟ ವರ್ಷವೇ ಅವಳ ಕೆಮ್ಮು ಜೋರಾಯಿತು. ಹತ್ತಿಯ ಧೂಳು ಎದೆಯೊಳಗೆ ಕೂತಿದೆ, ಇನ್ನು ಹೋಗುವುದಿಲ್ಲ ಎಂದರು ಡಾಕ್ಟರು. ಮೊದಲು ಮೆಟ್ಟಿಲು ಹತ್ತಲು ಕಷ್ಟವಾಯಿತು, ಆಮೇಲೆ ಬಚ್ಚಲಿಗೆ ಹೋಗಿಬರಲು. ಮನೆಯಲ್ಲಿ ಗೊರಗೊರ ಅನ್ನುವ ಆಕ್ಸಿಜನ್ ಯಂತ್ರ ಬಂತು, ಹೊರಗೆ ಹೋಗುವಾಗ ಹೆಗಲಿಗೆ ಹಾಕಿಕೊಳ್ಳಲು ಎರಡು ಸಣ್ಣ ಸಿಲಿಂಡರ್ ಬಂದವು. ಒಂದು ಸಿಲಿಂಡರ್ ಎರಡು ಗಂಟೆ ಬರುತ್ತದೆ. ಒಂದು ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಅವರಿಗೆ ಏನಾದ್ರೂ ಆಸೆ ಇದ್ರೆ ಈಗ್ಲೇ ಪೂರೈಸಿಬಿಡಿ, ಮುಂದಿನ ವರ್ಷ ಅಂತ ಇಟ್ಕೋಬೇಡಿ," ಎಂದರು. ಬಾಗಿಲ ಆಚೆಯಿಂದ ಅವಳು ಕೇಳಿಸಿಕೊಂಡಿದ್ದಳು. ಗಾಡಿಯಲ್ಲಿ ಕೂತ ಕೂಡಲೇ, "ನನಗೆ ಇರೋದು ಒಂದೇ ಆಸೆ, ನಿಮಗೆ ಗೊತ್ತಲ್ಲ," ಎಂದಳು.

ನಾನು ಲೆಕ್ಕ ಹಾಕಿದೆ. ಹೋಗಲು ಮೂವತ್ತೈದು, ಬರಲು ಮೂವತ್ತೈದು, ಒಟ್ಟು ಎಪ್ಪತ್ತು ನಿಮಿಷ. ಸಿಲಿಂಡರ್ ನೂರಿಪ್ಪತ್ತು ನಿಮಿಷ. ಅವಳು ನಿಧಾನ ಎಂದು ಇನ್ನೊಂದು ಇಪ್ಪತ್ತು ಸೇರಿಸಿದರೂ ಅರ್ಧ ಗಂಟೆ ಜಲಪಾತದ ಮುಂದೆ ಆರಾಮಾಗಿ ಕೂರಬಹುದು. ಮಗಳು ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು, ತೂಕ ಹಾಕದೆ ಒಂದು ಲಕೋಟೆಯನ್ನೂ ಮುಟ್ಟದವಳು. "ಅಪ್ಪಾ, ಎರಡನೇ ಸಿಲಿಂಡರೂ ತಗೊಂಡು ಹೋಗು," ಎಂದು ಬಾಗಿಲ ತನಕ ಹಿಂದೆ ಬಂದಳು.

"ಆ ದಾರಿ ಅಳೆದಿರೋನು ನಾನು ಕಣೇ. ನನಗೇ ಪಾಠ ಹೇಳ್ಬೇಡ," ಎಂದೆ. ಎರಡನೆಯದನ್ನು ಅಡುಗೆಮನೆಯ ಮೂಲೆಯಲ್ಲಿಯೇ ಬಿಟ್ಟು ಹೊರಟೆವು.

ಬೆಳಿಗ್ಗೆ ಬಿಸಿಲು ಹಿತವಾಗಿತ್ತು. ಬೋರ್ಡಿನ ಮುಂದೆ ನಿಂತು ನನ್ನ ಹೆಂಡತಿ ಒಂದೊಂದೇ ಅಕ್ಷರ ಓದಿದಳು. "ಅಕ್ಷರ ಚೆನ್ನಾಗಿದೆ ರೀ. ನನಗೆ ಬರೆದ ಕಾಗದಗಳಲ್ಲಿ ಮಾತ್ರ ಕೋಳಿ ಕೆದರಿದ ಹಾಗೆ ಯಾಕೆ ಬರೀತಿದ್ರಿ?" ಎಂದಳು. ಬಹಳ ದಿನದ ಮೇಲೆ ಅವಳ ಮುಖದಲ್ಲಿ ಬಣ್ಣ ಕಂಡಿತು. ನಾನು ಸಿಲಿಂಡರಿನ ಚೀಲವನ್ನು ನನ್ನ ಹೆಗಲಿಗೆ ಹಾಕಿಕೊಂಡೆ, ಅದರ ನಳಿಗೆ ಅವಳ ಮೂಗಿಗೆ. ಹೀಗೆ ಒಂದು ಮಾರು ನಳಿಗೆಯಲ್ಲಿ ಒಬ್ಬರಿಗೊಬ್ಬರು ಕಟ್ಟಿಕೊಂಡು ಹಳ್ಳದ ದಂಡೆ ಹಿಡಿದು ಹೊರಟೆವು.

ಅವಳು ಇಪ್ಪತ್ತು ಹೆಜ್ಜೆ ನಡೆದಳು, ನಿಂತಳು. ಇನ್ನು ಹದಿನೈದು ಹೆಜ್ಜೆ, ನಿಂತಳು. ಮರಕ್ಕೆ ಕೈ ಕೊಟ್ಟು, ಕಣ್ಣು ಮುಚ್ಚಿ, ಹೆಗಲು ಮೇಲೆ ಕೆಳಗೆ ಮಾಡುತ್ತಾ ಉಸಿರು ಎಳೆದುಕೊಂಡಳು. "ಎಷ್ಟು ಹೊತ್ತು ಬೇಕಾದ್ರೂ ನಿಂತ್ಕೋ, ಅವಸರ ಏನಿಲ್ಲ," ಎಂದೆ ನಾನು, ದೊಡ್ಡ ಮನಸ್ಸಿನವನ ಹಾಗೆ. ಮೊದಲನೇ ಜಲಪಾತ ಬಂತು. ಆಳೆತ್ತರದಿಂದ ಬೀಳುವ ನೀರು, ಅದಕ್ಕೆ ಜಲಪಾತ ಅನ್ನುವುದೇ ಹೆಚ್ಚು. ಅವಳಿಗೆ ಅದೂ ಖುಷಿ. ಬಗ್ಗಿ ಕೈ ಒದ್ದೆ ಮಾಡಿಕೊಂಡು ನನ್ನ ಮುಖಕ್ಕೆ ಎರಚಿದಳು. ಅರವತ್ತೆರಡರ ಹೆಂಗಸು, ನೋಡಿ. ನಾನು ಗದರಿಸಿದೆ, ಅವಳು ನಗಲು ಹೋಗಿ ಕೆಮ್ಮಿದಳು.

ಎರಡನೇ ಜಲಪಾತದ ಹತ್ತಿರ ಬಂದಾಗ ನಾನು ಸಿಲಿಂಡರಿನ ಮುಳ್ಳು ನೋಡಿದೆ. ಆಮೇಲೆ ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷ ಎಂದು ನಾನು ಬರೆದಿದ್ದ ಜಾಗಕ್ಕೆ ಬರಲು ಐವತ್ತೆರಡು ನಿಮಿಷ ಹಿಡಿದಿತ್ತು. ಅಯ್ಯೋ ಹುಚ್ಚಪ್ಪ! ನಿಂತ ಹೊತ್ತನ್ನೆಲ್ಲ ಗುಂಡಿ ಒತ್ತಿ ಬಿಸಾಕಿ ಬರೆದ ನಿಮಿಷ ಅದು. ಅವಳ ದಾರಿಯಲ್ಲಿ ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು, ಅವಳು ನಿಂತಾಗ ಸಿಲಿಂಡರ್ ನಿಲ್ಲುವುದಿಲ್ಲ. ಇಪ್ಪತ್ತೊಂಬತ್ತು ವರ್ಷ ಮಾಡಿದ ಕೆಲಸ ನನಗೇ ಅರ್ಥವಾಗಿರಲಿಲ್ಲ.

ಬಾಯಿ ಬಿಡಲಿಲ್ಲ. ಇನ್ನೊಂದು ಚೂರು ಹೋಗೋಣ, ಏನಾಗುತ್ತದೋ ನೋಡೋಣ ಎಂದುಕೊಂಡೆ. ಮೂರನೇ ಜಲಪಾತಕ್ಕೆ ಸ್ವಲ್ಪ ಮೊದಲು ಒಂದು ತಿರುವಿದೆ, ತಿರುವಿಗೆ ಮುಂಚೆ ಮರದ ಬೆಂಚು. ಅಲ್ಲಿಗೆ ಬರುವಷ್ಟರಲ್ಲಿ ಸಿಲಿಂಡರಿನಲ್ಲಿ ಉಳಿದದ್ದು ಮುಕ್ಕಾಲು ಗಂಟೆ. ಇಳಿಯುವುದು ಹತ್ತುವುದಕ್ಕಿಂತ ಬೇಗ ಅಂದರೂ ಅವಳಿಗೆ ಅಷ್ಟು ಬೇಕೇಬೇಕು. ತಿರುವಿನ ಆಚೆಯಿಂದ ನೀರಿನ ಸದ್ದು ಜೋರಾಗಿ ಕೇಳುತ್ತಿತ್ತು. ಅವಳು ಬೆಂಚಿನ ಮೇಲೆ ಕೂತು, ತುಟಿ ನೀಲಿಯಾಗಿದ್ದರೂ ಕಣ್ಣು ಮಿನುಗಿಸುತ್ತಾ, "ಬಂದೇಬಿಟ್ವಲ್ಲ ರೀ," ಎಂದಳು.

ಸಿಲಿಂಡರಿನ ವಿಷಯ ಹೇಳಿದರೆ ಅವಳು ಏನನ್ನುತ್ತಾಳೆ ಎಂದು ನನಗೆ ಗೊತ್ತು. ಮುಗಿದ್ರೆ ಮುಗೀಲಿ ರೀ, ನೋಡೇ ಬಿಡೋಣ ಅನ್ನುತ್ತಾಳೆ. ಹಠಕ್ಕೆ ಬಿದ್ದರೆ ಅವಳನ್ನು ಅವರಪ್ಪನೂ ತಡೆಯಲಾರ.

"ಇಲ್ಲೇ ಇರು, ದಾರಿ ಸರಿ ಇದೆಯಾ ನೋಡ್ಕೊಂಡು ಬಂದ್ಬಿಡ್ತೀನಿ," ಎಂದು ಚೀಲವನ್ನು ಅವಳ ಪಕ್ಕದಲ್ಲಿಟ್ಟು ಗಡಿಯಾರ ನೋಡಿಕೊಂಡು ಹೊರಟೆ. ತಿರುವಿನ ಆಚೆ ಮೆಟ್ಟಿಲು, ಕಲ್ಲು, ಮತ್ತೆ ಮೆಟ್ಟಿಲು. ಜಲಪಾತದ ಬುಡ ಮುಟ್ಟಿದಾಗ ನನಗೆ ನಾಲ್ಕು ನಿಮಿಷ. ಅವಳಿಗೆ ಹತ್ತಲು ಇಪ್ಪತ್ತು, ಇಳಿಯಲು ಹದಿನೈದು. ಯಾವ ಕಡೆಯಿಂದ ಕೂಡಿದರೂ ಕಳೆದರೂ ಆಗುವುದಿಲ್ಲ. ಎರಡು ಸಲ ಲೆಕ್ಕ ಹಾಕಿದೆ, ಗಡಿಯಾರ ನೋಡಿದೆ, ತಿರುಗಿ ಬಂದೆ.

"ದಾರಿ ಕುಸಿದು ಹೋಗಿದೆ ಕಣೇ," ಎಂದೆ. "ತಿರುವಿನಲ್ಲೇ. ಆಚೆಗೆ ನಾನೇ ಕಾಲಿಡೋಕಾಗ್ಲಿಲ್ಲ, ಅಲ್ಲಿಂದಲೇ ವಾಪಸ್ ಬಂದೆ. ಈ ಹೊಸ ಹುಡುಗರು ದಾರಿ ನೋಡ್ಕೊಳ್ಳೋ ಚೆಂದ ಇದು!" ಕೋಪ ಬಂದವನ ಹಾಗೆ ಇನ್ನೂ ನಾಲ್ಕು ಮಾತು ಆಡಿದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೈಚಾಚಿ ನನ್ನ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ನನ್ನ ಮೂಗಿನ ಮೇಲೆ ಇಟ್ಟಳು.

"ಸರಿ ಬಿಡಿ. ನಡೀರಿ, ಮನೆಗೆ ಹೋಗೋಣ," ಎಂದಳು.

"ಮುಂದಿನ ವಾರ ಬರೋಣ. ಅಷ್ಟರಲ್ಲಿ ರಿಪೇರಿ ಮಾಡಿಸ್ತೀನಿ, ಶೆಡ್ಡಿಗೆ ಫೋನ್ ಮಾಡಿ ಉಗೀತೀನಿ."

"ಹೂಂ," ಎಂದಳು. ಇಳಿಯುವಾಗ ಅವಳು ಮಾತಾಡಲಿಲ್ಲ, ಉಸಿರಿಗೆ ಕಷ್ಟವಾಗಿರಬೇಕು ಎಂದುಕೊಂಡೆ. ಗಾಡಿ ಹತ್ತಿ ಕೂತಾಗ ಮುಳ್ಳು ಕೆಂಪು ಗೆರೆಯ ಒಳಗಿತ್ತು.

ಮುಂದಿನ ವಾರ ಬರಲಿಲ್ಲ. ಮೂರನೇ ದಿನಕ್ಕೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಹಾಗೆಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗಳು ರಜೆ ಹಾಕಿ ಬಂದು ನಿಂತಳು. ಹಜಾರದ ಕಿಟಕಿಯ ಪಕ್ಕ ಮಂಚ ಹಾಕಿದೆವು, ಹಾಸಿಗೆ ನನ್ನ ಹೆಂಡತಿಯೇ ಹೊಲಿದದ್ದು.

ಒಂದು ಸಂಜೆ ಮಗಳು ಔಷಧಿ ತರಲು ಹೋಗಿದ್ದಳು. ನಾನು ಹೆಂಡತಿಯ ಕಾಲು ಒತ್ತುತ್ತಿದ್ದೆ. ಅವಳು ಇದ್ದಕ್ಕಿದ್ದಂತೆ, "ದಾರಿ ಕುಸಿದಿರ್ಲಿಲ್ಲ ಅಲ್ವಾ?" ಎಂದಳು.

ನನ್ನ ಕೈ ನಿಂತಿತು.

"ತಿರುವಿನಿಂದಲೇ ವಾಪಸ್ ಬಂದೆ ಅಂದ್ರಿ. ಕನ್ನಡಕದ ತುಂಬ ಹನಿ ಕೂತಿತ್ತು. ಷರಟು ಒದ್ದೆ. ಫಾಲ್ಸ್ ಮುಂದೆ ನಿಂತು ಬಂದಿದ್ರಿ ನೀವು." ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದಳು. "ಸುಳ್ಳು ಹೇಳೋಕೂ ಬರಲ್ಲ ನಿಮಗೆ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ನಿಮ್ಮ ಮುಖ ನೋಡಿದ್ರಾ ನೀವು? ಅಷ್ಟು ಹೆದರಿದ್ದನ್ನ ನಾನು ಯಾವತ್ತೂ ನೋಡಿರ್ಲಿಲ್ಲ. ಹೋಗ್ಲಿ ಪಾಪ ಅನ್ನಿಸ್ತು."

ನಾನು ಅತ್ತೆ. ಅಳದೆ ಏನು ಮಾಡಲಿ? ಬೋರ್ಡಿನ ನಿಮಿಷದ ವಿಷಯ, ಸಿಲಿಂಡರಿನ ವಿಷಯ, ಮಗಳ ಮಾತು ಕೇಳದೆ ಹೊರಟದ್ದು ಎಲ್ಲ ಹೇಳಿದೆ. ಅವಳು ನನ್ನ ಬೆರಳು ಹಿಡಿದುಕೊಂಡು ಕೇಳಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

"ಆಯ್ತಲ್ಲ, ಬಿಡಿ. ನೀವಾದ್ರೂ ನೋಡಿದ್ರಲ್ಲ. ಹೇಗಿತ್ತು ಹೇಳಿ."

ನನಗೆ ಆ ದಿನ ಕಂಡದ್ದು ಗಡಿಯಾರ. ನಾಲ್ಕು ನಿಮಿಷ, ಇಪ್ಪತ್ತು ನಿಮಿಷ, ಹದಿನೈದು ನಿಮಿಷ. ನೀರು ಮುಖಕ್ಕೆ ರಾಚುತ್ತಿತ್ತು, ನಾನು ಅದನ್ನು ನೋಡಿರಲಿಲ್ಲ. ಅದಕ್ಕೆ ಮುಂಚೆ ನೂರು ಸಲ ಹೋದವನು, ಆಗಲೂ ಗುಂಡಿ ಒತ್ತಿ ಪುಸ್ತಕದಲ್ಲಿ ಬರೆದುಕೊಂಡು ತಿರುಗಿ ಬಂದವನೇ.

"ಬೆಳ್ಳಗಿತ್ತು," ಎಂದೆ.

ಅವಳು ನಕ್ಕಳು. "ಬೆಳ್ಳಗಿರತ್ತೆ ಅಂತ ನನಗೂ ಗೊತ್ತು ಮಾರಾಯ್ರೇ. ಕಿಟಕಿಯಿಂದ ನಾನೂ ನೋಡಿದೀನಿ."

"ನಾಳೆ ಬೆಳಿಗ್ಗೆ ಹೋಗಿ ಸರಿಯಾಗಿ ನೋಡ್ಕೊಂಡು ಬರ್ತೀನಿ. ಬಂದು ಎಲ್ಲಾ ಹೇಳ್ತೀನಿ, ಒಂದೂ ಬಿಡದ ಹಾಗೆ."

"ಬೇಡ ರೀ." ಬೆರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಎಲ್ಲಿಗೂ ಹೋಗ್ಬೇಡಿ. ಈ ಸ್ಟೂಲ್ ಎಳ್ಕೊಂಡು ಇಲ್ಲಿ ಕೂತ್ಕೊಳ್ಳಿ. ಬಾಯಿಗೆ ಬಂದದ್ದು ಏನಾದ್ರೂ ಹೇಳಿ, ನಾನು ಕೇಳ್ತೀನಿ. ಸುಳ್ಳಾದ್ರೂ ಪರವಾಗಿಲ್ಲ."

ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ? ಅದು ನನ್ನ ಜಾಯಮಾನವಲ್ಲ. ಅಳೆಯದೆ ಒಂದು ಅಂಕಿ ಬರೆದವನಲ್ಲ ನಾನು. ಅವಳಿಗೆ ಒಮ್ಮೆ ಸುಳ್ಳು ಹೇಳಿ ಕೆಟ್ಟಿದ್ದೇನೆ, ಇನ್ನೊಂದು ಸಲ ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ಹಲ್ಲು ಕಚ್ಚಿದೆ. ಅಷ್ಟರಲ್ಲಿ ಮಗಳು ಬಂದಳು, ಔಷಧಿ ಕುಡಿಸಿದಳು, ಅವಳಿಗೆ ಮಂಪರು ಹತ್ತಿತು.

ಬೆಳಿಗ್ಗೆ ಆರೂವರೆಗೆ ಅವಳು ಮಲಗಿದ್ದಳು. ಉಸಿರು ಹಿಂದಿನ ದಿನದ ಹಾಗೆಯೇ ಇತ್ತು. "ಒಂದು ಕೆಲಸ ಇದೆ, ಬಂದ್ಬಿಡ್ತೀನಿ," ಎಂದು ಮಗಳಿಗೆ ಹೇಳಿ ಹೊರಟೆ. ಗಡಿಯಾರ ಬೇಕೆಂದೇ ಮೇಜಿನ ಮೇಲೆ ಬಿಟ್ಟೆ.

ಜಲಪಾತದ ಮುಂದೆ ಒಂದು ಬಂಡೆಯ ಮೇಲೆ ಕೂತು ನೋಡಿದೆ. ಜನ್ಮದಲ್ಲಿ ಮೊದಲನೇ ಸಲ ನೋಡಿದೆ. ಅದು ಒಂದು ಜಲಪಾತವೇ ಅಲ್ಲ, ಮೂರು ಎಳೆ. ಎಡಗಡೆಯದು ಬಂಡೆಗೆ ಅಂಟಿಕೊಂಡು ಸದ್ದಿಲ್ಲದೆ ಜಾರುತ್ತದೆ. ಬಲಗಡೆಯದು ನೇರ ಕೆಳಗೆ ಗುಂಡಿಗೆ ಬೀಳುತ್ತದೆ, ಸದ್ದೆಲ್ಲ ಅದರದೇ. ನಡುವಿನದು ಅರ್ಧ ದಾರಿಯಲ್ಲಿ ಒಂದು ಚಾಚು ಕಲ್ಲಿಗೆ ಬಡಿದು ಬಿಡಿಸಿದ ಹತ್ತಿಯ ಹಾಗೆ ಹರಡಿಕೊಂಡು, ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತು, ಆಮೇಲೆ ಕೆಳಗಿಳಿಯುತ್ತದೆ. ಇದನ್ನು ಕೇಳಿದರೆ ಅವಳು ಏನೆನ್ನುತ್ತಾಳೆ ಎಂದು ನನಗೆ ಆಗಲೇ ಕೇಳಿಸುತ್ತಿತ್ತು. ಅಲ್ಲಿಗೂ ನನಗೆ ಹತ್ತಿ ತಪ್ಪಲಿಲ್ಲ ನೋಡಿ, ಅನ್ನುತ್ತಾಳೆ. ಚಾಚು ಕಲ್ಲಿನ ಕೆಳಗೆ ಒಂದು ಗಿಡ, ಹನಿ ಬಿದ್ದಾಗಲೆಲ್ಲ ತಲೆ ಆಡಿಸುತ್ತಿತ್ತು. ಬಿಸಿಲು ಏರಿದ ಮೇಲೆ ಗುಂಡಿಯ ನೀರು ಕಪ್ಪಿನಿಂದ ಹಸಿರಾಯಿತು. ಅದಾಗುವ ತನಕ ಕಾದೆ, ಅವಳಿಗೆ ಬಣ್ಣವನ್ನೂ ಹೇಳಬೇಕು ಎಂದು. ಒಂದೂ ಮರೆಯಬಾರದು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಇಳಿದೆ. ಎಷ್ಟೋ ದಿನದ ಮೇಲೆ ನನಗೆ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮನೆಯ ಬಾಗಿಲು ತೆರೆದಿತ್ತು. ಯಂತ್ರದ ಗೊರಗೊರ ಸದ್ದು ಇರಲಿಲ್ಲ. ಪಕ್ಕದ ಮನೆಯಾಕೆ ಹಜಾರದಲ್ಲಿ ನಿಂತಿದ್ದವರು ನನ್ನನ್ನು ನೋಡಿ ಮುಖ ತಿರುಗಿಸಿಕೊಂಡರು. ಮಗಳು ಹೊಸ್ತಿಲಲ್ಲಿ ಕೂತಿದ್ದಳು.

"ಎಂಟೂವರೆಗೆ," ಎಂದಳು ಅವಳು. "ಎಲ್ಲಿಗೆ ಹೋಗಿದ್ದೆ ಅಪ್ಪಾ? ಫೋನೂ ಹತ್ತಲಿಲ್ಲ."

"ಫಾಲ್ಸ್ ನೋಡೋಕೆ," ಎಂದೆ. ಬೇರೆ ಏನು ಹೇಳಲಿ?

ಅವಳು ನನ್ನನ್ನು ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿದಳು. "ಅಮ್ಮ ಎರಡು ಸಲ ಕೇಳಿದ್ಲು, ಬಂದ್ರಾ ಅಂತ. ಎರಡು ಸಲಾನೂ ಇನ್ನೇನು ಬಂದ್ರು ಅಂದೆ ನಾನು. ಬಾಗಿಲ ಕಡೆನೇ ನೋಡ್ತಾ ಇದ್ಲು." ಆಮೇಲೆ ಅವಳ ದನಿ ಒಡೆಯಿತು. "ಇನ್ನೇನು ಬಂದ್ರು ಅಂತ ನಾನು ಸುಳ್ಳು ಹೇಳ್ದೆ ಅಪ್ಪಾ."

ಎಂಟೂವರೆಗೆ ನಾನು ನೀರು ಹಸಿರಾಗಲಿ ಎಂದು ಕಾಯುತ್ತಾ ಬಂಡೆಯ ಮೇಲೆ ಕೂತಿದ್ದೆ. ಅವಳು ಕೇಳಿದ್ದು ಜಲಪಾತವನ್ನಲ್ಲ, ಹೋಗಬೇಡಿ ಎಂದು ಬಾಯಿಬಿಟ್ಟು ಹೇಳಿದ್ದಳು. ಅಷ್ಟು ಸಣ್ಣ ಮಾತು ನನ್ನ ತಲೆಗೆ ಹೋಗಲಿಲ್ಲ.

ಒಳಗೆ ಹೋದೆ. ಅವಳ ಮುಖ ಬಾಗಿಲ ಕಡೆಗೇ ಇತ್ತು. ಗೋಡೆಯ ಹತ್ತಿರ ಇದ್ದ ಸ್ಟೂಲನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡು, ನಿನ್ನೆ ಅವಳು ಕೂತ್ಕೊಳ್ಳಿ ಎಂದಿದ್ದ ಜಾಗದಲ್ಲಿ ಕೂತೆ. ಬೆರಳು ಹಿಡಿದುಕೊಂಡೆ. "ಬಂದೆ ಕಣೇ," ಎಂದೆ.